ಮೇವಿನ ಪೃಥಕ್ಕರಣದಲ್ಲಿ ಶರ್ಕರಪಿಷ್ಟಗಳ ಗಣನೆ

ದನದ ಮೇವನ್ನು ಪರೀಕ್ಷಿಸಿ ಪ್ರಯೋಗಶಾಲೆಯವರು ಕೊಡುವ ಪತ್ರದಲ್ಲಿ ಆರು ಸಾಲುಗಳಿರುವುದು ಬಹುಕಾಲದ ವಾಡಿಕೆ: ತೇವ, ಬೂದಿ, ಕಚ್ಚಾ ಪ್ರೋಟೀನು, ಕೊಬ್ಬು, ಕಚ್ಚಾ ನಾರು, ಸಾರಜನಕರಹಿತ ಸಾರ. ಇವುಗಳಲ್ಲಿ ಮೊದಲನೆಯ ಐದನ್ನು ಒಣಗಿಸಿ, ಸುಟ್ಟು, ಕರಗಿಸಿ, ಕುದಿಸಿ ಕಂಡುಹಿಡಿಯುತ್ತಾರೆ. ಆರನೆಯದನ್ನು ಯಾರೂ ತೂಗುವುದಿಲ್ಲ. ಐದರ ಮೊತ್ತವನ್ನು ನೂರರಿಂದ ಕಳೆದು, ಉಳಿದುದನ್ನು ಬರೆಯುತ್ತಾರೆ. ಪಿಷ್ಟ, ಸಕ್ಕರೆ ಮೊದಲಾದ ಶರ್ಕರಪಿಷ್ಟಗಳೆಂದು ಓದುವವರು ಭಾವಿಸುವುದು ಈ ಸಾಲನ್ನೇ. ಮುಸುಕಿನ ಜೋಳದಂತಹ ಧಾನ್ಯಗಳಲ್ಲಿ ಇದು ಮಿಕ್ಕ ಐದರ ಮೊತ್ತಕ್ಕಿಂತಲೂ ಎಷ್ಟೋ ದೊಡ್ಡದು. ಹೀಗಾಗಿ, ಪಶುವಿಗೆ ಬಲವನ್ನೂ ಹಾಲನ್ನೂ ಕೊಡುವ ದ್ರವ್ಯದ ಬಹುಭಾಗವು ಪರೀಕ್ಷಾಪತ್ರದಲ್ಲಿ ಕೇವಲ ವ್ಯವಕಲನದಿಂದ ದೊರೆತ ಸಂಖ್ಯೆಯಾಗಿ ನಿಂತಿದೆ.

ಈ ಸಂಖ್ಯೆಯು ಏನನ್ನು ತಿಳಿಸುತ್ತದೆ, ಏನನ್ನು ಮರೆಮಾಡುತ್ತದೆ, ಅದನ್ನು ಸರಿಪಡಿಸುವುದಕ್ಕೆ ನಡೆದ ಪ್ರಯತ್ನಗಳು ಯಾವುವು ಎಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶವು. ವಿಷಯವು ರಸಾಯನಶಾಸ್ತ್ರಕ್ಕೆ ಸೇರಿದುದಾದರೂ, ಇದರ ಮೂಲದಲ್ಲಿರುವುದು ಒಂದು ಹೆಸರಿಗೂ ಆ ಹೆಸರಿನ ಅರ್ಥಕ್ಕೂ ಇರುವ ಸಂಬಂಧದ ಪ್ರಶ್ನೆ. ಆದಕಾರಣ ಶಬ್ದಾರ್ಥವಿಚಾರದಲ್ಲಿ ಆಸಕ್ತರಾದವರಿಗೂ ಇದು ಹೊರಗಿನದಲ್ಲ.

೧. ವಸ್ತುವಿನ ಸ್ವರೂಪ

ಶರ್ಕರಪಿಷ್ಟಗಳೆಂದರೆ ಇಂಗಾಲ, ಜಲಜನಕ, ಆಮ್ಲಜನಕ ಎಂಬ ಮೂರು ಮೂಲವಸ್ತುಗಳಿಂದಾದ ಒಂದು ದೊಡ್ಡ ವರ್ಗ. ಸಕ್ಕರೆ, ಧಾನ್ಯದ ಪಿಷ್ಟ, ಹತ್ತಿಯ ಎಳೆ, ಹುಲ್ಲಿನ ಕಡ್ಡಿಯಲ್ಲಿರುವ ಸೆಲ್ಯುಲೋಸು ಇವೆಲ್ಲವೂ ಈ ವರ್ಗದವೇ. ಇವುಗಳಲ್ಲಿ ಪಿಷ್ಟ ಮತ್ತು ಸೆಲ್ಯುಲೋಸು ಎಂಬೆರಡನ್ನು ಹೋಲಿಸಿ ನೋಡಿದರೆ ಪ್ರಸ್ತುತ ತೊಡಕಿನ ಬೇರು ಕಾಣುತ್ತದೆ. ಎರಡೂ ಗ್ಲೂಕೋಸ್ ಎಂಬ ಒಂದೇ ಸಕ್ಕರೆಯ ಅಣುಗಳು ಸಾಲಾಗಿ ಹೆಣೆದುಕೊಂಡು ಆದುವು. ಎರಡರ ಒಂದೊಂದು ಕೊಂಡಿಯಲ್ಲಿಯೂ ಆರು ಇಂಗಾಲ, ಹತ್ತು ಜಲಜನಕ, ಐದು ಆಮ್ಲಜನಕ ಪರಮಾಣುಗಳಿರುತ್ತವೆ. ಇವನ್ನು ಸುಟ್ಟು ಉಷ್ಣವನ್ನು ಅಳೆದರೆ ಎರಡರಿಂದಲೂ ಹೆಚ್ಚುಕಡಮೆ ಒಂದೇ ಪರಿಮಾಣದ ಉಷ್ಣವು ಹೊರಡುತ್ತದೆ. ಭೇದವಿರುವುದು ಕೊಂಡಿಕೊಂಡಿಗಳು ಸೇರಿರುವ ರೀತಿಯಲ್ಲಿ ಮಾತ್ರ. ಪಿಷ್ಟದಲ್ಲಿ ಅವು ಆಲ್ಫಾ ಎಂಬ ರೀತಿಯಲ್ಲಿಯೂ, ಸೆಲ್ಯುಲೋಸಿನಲ್ಲಿ ಬೀಟಾ ಎಂಬ ರೀತಿಯಲ್ಲಿಯೂ ಜೋಡಣೆಯಾಗಿವೆ.

ಇಷ್ಟು ಸಣ್ಣ ಭೇದದಿಂದ ಪ್ರಾಣಿಗೆ ಆಗುವ ವ್ಯತ್ಯಾಸವು ಬಹು ದೊಡ್ಡದು. ಆಲ್ಫಾ ಬಂಧವನ್ನು ಬಿಡಿಸುವ ಕಿಣ್ವಗಳು ಮನುಷ್ಯ, ಹಂದಿ, ಕೋಳಿ, ಹಸು ಎಲ್ಲಕ್ಕೂ ಉಂಟು. ಬೀಟಾ ಬಂಧವನ್ನು ಬಿಡಿಸುವ ಕಿಣ್ವವು ಇವುಗಳಲ್ಲಿ ಯಾವುದಕ್ಕೂ ಸ್ವಂತವಾಗಿಲ್ಲ. ಆದರೆ ಮೆಲುಕು ಹಾಕುವ ಪ್ರಾಣಿಗಳ ಮೊದಲನೆಯ ಜಠರವಾದ ರೂಮೆನಿನಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ವಾಸವಾಗಿದ್ದು, ಅವು ಸೆಲ್ಯುಲೋಸನ್ನು ಒಡೆದು ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಎಂಬ ಆಮ್ಲಗಳನ್ನಾಗಿ ಮಾಡುತ್ತವೆ. ಹಸುವು ಈ ಆಮ್ಲಗಳನ್ನು ಹೀರಿಕೊಂಡು ಬದುಕುತ್ತದೆ. ಈ ಕೆಲಸವು ನಿಧಾನವಾದುದು. ಲಿಗ್ನಿನ್ ಎಂಬ ಮರದಂತಹ ದ್ರವ್ಯವು ಸೆಲ್ಯುಲೋಸಿಗೆ ಬೆಸೆದುಕೊಂಡಿರುವಲ್ಲಿ ಇನ್ನೂ ನಿಧಾನ, ಕೆಲವೆಡೆ ಅಸಾಧ್ಯ. ಪಿಷ್ಟವಾದರೋ ಅದೇ ರೂಮೆನಿನಲ್ಲಿ ಬಲುಬೇಗ ಹುದುಗುತ್ತದೆ. ಆದುದರಿಂದ ರಸಾಯನಜ್ಞನಿಗೆ ಒಂದೇ ಆದ ವರ್ಗವು ಪಶುವಿಗೆ ಒಂದಲ್ಲ. ಮೂಲವಸ್ತುಗಳ ಲೆಕ್ಕವಾಗಲಿ, ಉಷ್ಣದ ಲೆಕ್ಕವಾಗಲಿ ಈ ಭೇದವನ್ನು ತೋರಿಸಲಾರವು. ಅದನ್ನು ತೋರಿಸಬಲ್ಲ ಬೇರೊಂದು ಪರೀಕ್ಷೆಯು ಅವಶ್ಯವಾಯಿತು.

೨. ವೇಂಡೆಯ ಕ್ರಮ

ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಥೇರ್ ಎಂಬ ಕೃಷಿಪಂಡಿತನು ಪ್ರತಿಯೊಂದು ಮೇವಿನ ಬೆಲೆಯನ್ನೂ ಒಣಹುಲ್ಲಿಗೆ ಹೋಲಿಸಿ ಹೇಳುತ್ತಿದ್ದನು. ಈ ಪದ್ಧತಿಯು ಬಹಳ ಒರಟಾದುದು. ೧೮೬೦ರ ದಶಕದಲ್ಲಿ ಗಟಿಂಗೆನ್ ಪಟ್ಟಣದ ಬಳಿಯ ವೇಂಡೆ ಎಂಬ ಊರಿನ ಪ್ರಯೋಗಕ್ಷೇತ್ರದಲ್ಲಿ ವಿಲ್ಹೆಲ್ಮ್ ಹೆನ್ನೆಬರ್ಗ್, ಫ್ರೀಡ್ರಿಕ್ ಷ್ಟೋಮನ್ ಎಂಬಿಬ್ಬರು ವಿದ್ವಾಂಸರು ಎತ್ತುಗಳ ಮೇಲೆ ಪರೀಕ್ಷೆಗಳನ್ನು ನಡೆಸುತ್ತ, ಮೇವನ್ನು ಆರು ಭಾಗವಾಗಿ ಒಡೆಯುವ ಕ್ರಮವನ್ನು ನೆಲೆಗೊಳಿಸಿದರು. ಮೇಲೆ ಹೇಳಿದ ಆರು ಸಾಲುಗಳು ಈ ಕ್ರಮದವೇ. ಅಂದಿನಿಂದ ಒಂದು ಶತಮಾನದವರೆಗೆ ಪ್ರಪಂಚದ ಎಲ್ಲೆಡೆಯೂ ಮೇವಿನ ಕೋಷ್ಟಕಗಳು ಈ ಅಚ್ಚಿನಲ್ಲಿಯೇ ಎರಕಗೊಂಡುವು.

ಇದರಲ್ಲಿ ಪ್ರೋಟೀನನ್ನೂ ನೇರಾಗಿ ಅಳೆಯುವುದಿಲ್ಲ. ಸಾರಜನಕವನ್ನು ಅಳೆದು, ಪ್ರೋಟೀನಿನಲ್ಲಿ ನೂರಕ್ಕೆ ೧೬ ಪಾಲು ಸಾರಜನಕವಿರುವುದೆಂಬ ಸರಾಸರಿಯನ್ನು ಹಿಡಿದು, ಬಂದ ಸಂಖ್ಯೆಯನ್ನು ೬.೨೫ರಿಂದ ಗುಣಿಸುತ್ತಾರೆ. ಸಾರಜನಕವನ್ನು ಸುಲಭವಾಗಿ ಅಳೆಯುವ ವಿಧಾನವನ್ನು ೧೮೮೩ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಯೋಹಾನ್ ಕೆಲ್ಡಾಲ್ ಪ್ರಕಟಿಸಿದನು. ಕಚ್ಚಾ ನಾರನ್ನು ಪಡೆಯುವ ಬಗೆ ಹೀಗೆ: ಕೊಬ್ಬು ತೆಗೆದ ಮೇವನ್ನು ಶೇಕಡ ೧.೨೫ ಬಲದ ಗಂಧಕಾಮ್ಲದಲ್ಲಿ ಅರ್ಧ ಗಂಟೆ ಕುದಿಸಬೇಕು. ಬಳಿಕ ಅಷ್ಟೇ ಬಲದ ಸೋಡಿಯಂ ಹೈಡ್ರಾಕ್ಸೈಡಿನ ಕ್ಷಾರದಲ್ಲಿ ಮತ್ತೆ ಅರ್ಧ ಗಂಟೆ ಕುದಿಸಬೇಕು. ಕರಗದೆ ನಿಂತುದನ್ನು ಒಣಗಿಸಿ ತೂಗಿ, ಅದರ ಬೂದಿಯನ್ನು ಕಳೆಯಬೇಕು. ಆಮ್ಲವನ್ನು ಜಠರದ ಸ್ಥಾನದಲ್ಲಿಯೂ, ಕ್ಷಾರವನ್ನು ಕರುಳಿನ ಸ್ಥಾನದಲ್ಲಿಯೂ ಇಟ್ಟು ನೋಡಿದರೆ, ಪಚನವಾಗದೆ ಉಳಿಯುವ ಭಾಗವೇ ನಾರು ಎಂಬ ಊಹೆಯು ಇದಕ್ಕೆ ಹೊಂದಿಕೊಳ್ಳುತ್ತದೆ. ಹೀಗೆ ನಾರು ‘ಪಚನವಾಗದುದು’ ಎಂದೂ, ಉಳಿಕೆಯಾದ ಸಾರಜನಕರಹಿತ ಸಾರವು ‘ಪಚನವಾಗುವ ಶರ್ಕರಪಿಷ್ಟ’ ಎಂದೂ ರೂಢಿಯಾಯಿತು.

ನಮ್ಮ ತರ್ಕಶಾಸ್ತ್ರದಲ್ಲಿ ಈ ಬಗೆಯ ನಿರ್ಣಯಕ್ಕೆ ‘ಪರಿಶೇಷ’ವೆಂದು ಹೆಸರುಂಟು. ನ್ಯಾಯಸೂತ್ರದಲ್ಲಿ ಬರುವ ‘ಶೇಷವತ್’ ಎಂಬ ಅನುಮಾನವನ್ನು ವಾತ್ಸ್ಯಾಯನನು ತನ್ನ ಭಾಷ್ಯದಲ್ಲಿ ಒಂದೆಡೆ ಹೀಗೆಯೇ ವಿವರಿಸಿದ್ದಾನೆ: ಸಂಭವವಿದ್ದ ಪಕ್ಷಗಳನ್ನು ಒಂದೊಂದಾಗಿ ನಿರಾಕರಿಸಿದ ಮೇಲೆ ಉಳಿದುದೇ ಸಿದ್ಧಾಂತವು. ಶಬ್ದವು ದ್ರವ್ಯವಲ್ಲ, ಕರ್ಮವಲ್ಲ, ಆದುದರಿಂದ ಗುಣವು ಎಂಬುದು ಅಲ್ಲಿಯ ಉದಾಹರಣೆ. ಈ ಅನುಮಾನವು ನಿಲ್ಲಬೇಕಾದರೆ ಎರಡು ನಿಬಂಧನೆಗಳು ನೆರವೇರಬೇಕು. ಪಕ್ಷಗಳ ಎಣಿಕೆಯು ಪೂರ್ಣವಾಗಿರಬೇಕು. ಒಂದೊಂದು ನಿರಾಕರಣೆಯೂ ನಿರ್ದೋಷವಾಗಿರಬೇಕು. ಮೇವಿನ ಪೃಥಕ್ಕರಣದಲ್ಲಿ ಈ ಎರಡೂ ತಪ್ಪಿದುವು. ಪ್ರೋಟೀನು, ಕೊಬ್ಬು, ಬೂದಿ, ನಾರು ಇವುಗಳಲ್ಲಿ ಆದ ಒಂದೊಂದು ಸಣ್ಣ ತಪ್ಪೂ ತನ್ನ ಸ್ಥಾನದಲ್ಲಿ ಕಾಣಿಸಿಕೊಳ್ಳದೆ, ಶೇಷದ ಸಾಲಿನಲ್ಲಿ ಹೋಗಿ ಕೂಡಿಕೊಂಡಿತು. ಮೊತ್ತವು ಯಾವಾಗಲೂ ಸರಿಯಾಗಿ ನೂರೇ ಆಗುತ್ತಿದ್ದುದರಿಂದ ದೋಷವು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

೩. ದೋಷಗಳು ಹೊರಬಿದ್ದುದು

ಕ್ಷಾರದಲ್ಲಿ ಕುದಿಸುವಾಗ ಲಿಗ್ನಿನಿನ ಒಂದು ಭಾಗವೂ, ಆಮ್ಲ ಕ್ಷಾರಗಳೆರಡರಲ್ಲಿಯೂ ಹೆಮಿಸೆಲ್ಯುಲೋಸಿನ ಬಹುಭಾಗವೂ ಕರಗಿಹೋಗುತ್ತವೆ. ಇವು ನಿಜವಾಗಿ ಸಸ್ಯದ ಕೋಶಭಿತ್ತಿಗೆ ಸೇರಿದವು. ಆದರೂ ನಾರಿನ ಲೆಕ್ಕದಿಂದ ತಪ್ಪಿಸಿಕೊಂಡುದರಿಂದ ಸಾರಜನಕರಹಿತ ಸಾರದ ಲೆಕ್ಕಕ್ಕೆ ಬಂದು ಸೇರುತ್ತವೆ. ಪಚನಕ್ಕೆ ಅತ್ಯಂತ ಕಠಿಣವಾದ ಲಿಗ್ನಿನು ‘ಪಚನವಾಗುವ’ ಸಾಲಿನಲ್ಲಿಯೂ, ರೂಮೆನಿನಲ್ಲಿ ತಕ್ಕಮಟ್ಟಿಗೆ ಪಚನವಾಗುವ ಸೆಲ್ಯುಲೋಸು ‘ಪಚನವಾಗದ’ ಸಾಲಿನಲ್ಲಿಯೂ ನಿಂತಂತಾಯಿತು. ೧೯೩೮ರಲ್ಲಿ ಕ್ರ್ಯಾಂಪ್ಟನ್ ಮತ್ತು ಮೇನಾರ್ಡ್ ಎಂಬವರು ಸೆಲ್ಯುಲೋಸ್ ಮತ್ತು ಲಿಗ್ನಿನ್‌ಗಳನ್ನು ಬೇರೆಯಾಗಿ ಅಳೆದು ತೋರಿಸಬೇಕೆಂದು ವಾದಿಸಿದುದಕ್ಕೆ ಇದೇ ಕಾರಣ. ಹಲವು ಮೇವುಗಳಲ್ಲಿ ಹಸುವು ಕಚ್ಚಾ ನಾರನ್ನೇ ಸಾರಜನಕರಹಿತ ಸಾರದಷ್ಟು, ಕೆಲವೆಡೆ ಅದಕ್ಕಿಂತಲೂ ಹೆಚ್ಚಾಗಿ, ಅರಗಿಸಿಕೊಳ್ಳುತ್ತಿತ್ತು. ಹೆಸರು ಹೇಳಿದ್ದು ಒಂದು, ಪಶುವಿನ ಹೊಟ್ಟೆ ಹೇಳಿದ್ದು ಇನ್ನೊಂದು.

ಇದಕ್ಕೂ ಹಿಂದೆ ಲೈಪ್‌ಜಿಗ್ ಬಳಿಯ ಮೋಕೆರ್ನ್ ಪ್ರಯೋಗಕ್ಷೇತ್ರದಲ್ಲಿ ಆಸ್ಕರ್ ಕೆಲ್ನರ್ ಬೇರೊಂದು ದಿಕ್ಕಿನಿಂದ ಈ ತೊಡಕನ್ನು ಎದುರಿಸಿದ್ದನು. ೧೯೦೫ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಮೇವುಗಳ ಬೆಲೆಯನ್ನು ಶುದ್ಧ ಪಿಷ್ಟದ ಬೆಲೆಗೆ ಹೋಲಿಸಿ ಹೇಳುವ ಕ್ರಮವಿದೆ. ಬೆಳೆದ ಎತ್ತಿಗೆ ಅದರ ದಿನದ ಅವಶ್ಯಕತೆಗಿಂತ ಹೆಚ್ಚಾಗಿ ಒಂದು ಕಿಲೋಗ್ರಾಂ ಜೀರ್ಣವಾಗುವ ಪಿಷ್ಟವನ್ನು ಕೊಟ್ಟರೆ ಅದರ ಮೈಯಲ್ಲಿ ೨೪೮ ಗ್ರಾಂ ಕೊಬ್ಬು ಕೂಡುವುದೆಂದು ಅವನು ಕಂಡನು. ಒಣಹುಲ್ಲಿನಲ್ಲಿ ಜೀರ್ಣವಾಗುವ ಭಾಗವನ್ನು ಲೆಕ್ಕಹಾಕಿ ಅದೇ ತೂಕದಷ್ಟನ್ನು ಕೊಟ್ಟರೂ ಇಷ್ಟು ಕೊಬ್ಬು ಕೂಡಲಿಲ್ಲ. ಆದುದರಿಂದ ಕಚ್ಚಾ ನಾರಿನ ಪರಿಮಾಣಕ್ಕೆ ತಕ್ಕಂತೆ ಒಂದಿಷ್ಟನ್ನು ಕಡಿತಗೊಳಿಸುವ ನಿಯಮವನ್ನು ಅವನು ಮಾಡಬೇಕಾಯಿತು. ಅಮೆರಿಕದಲ್ಲಿ ಬೆಳೆದ ‘ಒಟ್ಟು ಜೀರ್ಣವಾಗುವ ಪೋಷಕಾಂಶ’ವೆಂಬ ಇನ್ನೊಂದು ಮಾನವೂ ಜೀರ್ಣವಾಗುವ ಪ್ರೋಟೀನು, ನಾರು, ಸಾರಜನಕರಹಿತ ಸಾರ, ಹಾಗೂ ೨.೨೫ರಿಂದ ಗುಣಿಸಿದ ಕೊಬ್ಬು ಇವುಗಳ ಮೊತ್ತವೇ. ಎರಡು ಮಾನಗಳೂ ವೇಂಡೆಯ ಆರು ಸಾಲುಗಳ ಬುನಾದಿಯ ಮೇಲೆ ಎದ್ದವು.

ಮನುಷ್ಯರ ಆಹಾರದಲ್ಲಿಯೂ ಇದೇ ಪ್ರಶ್ನೆಯು ತಲೆದೋರಿತು. ಮಧುಮೇಹದ ರೋಗಿಗೆ ಪಥ್ಯವನ್ನು ಗೊತ್ತುಮಾಡುವ ವೈದ್ಯನಿಗೆ, ವ್ಯವಕಲನದಿಂದ ಬಂದ ಒಟ್ಟು ಶರ್ಕರಪಿಷ್ಟದ ಸಂಖ್ಯೆಯು ತರಕಾರಿಗಳ ವಿಷಯದಲ್ಲಿ ದಾರಿತಪ್ಪಿಸುತ್ತಿತ್ತು. ೧೯೨೯ರಲ್ಲಿ ಇಂಗ್ಲೆಂಡಿನ ಮೆಕಾನ್ಸ್ ಮತ್ತು ಲಾರೆನ್ಸ್ ಎಂಬವರು ‘ದೇಹಕ್ಕೆ ಒದಗುವ’ ಶರ್ಕರಪಿಷ್ಟ, ‘ಒದಗದ’ ಶರ್ಕರಪಿಷ್ಟ ಎಂದು ವಿಭಾಗಮಾಡಿ, ಮೊದಲನೆಯದನ್ನು ನೇರಾಗಿ ಅಳೆದರು. ಪಶುಗಳ ಮೇವಿನಲ್ಲಿ ಅಂತಹ ವಿಭಾಗವು ಆಗುವುದಕ್ಕೆ ಇನ್ನೂ ಮೂರು ದಶಕಗಳು ಹಿಡಿದುವು.

೪. ಮಾರ್ಜಕದ ವಿಧಾನ

ಅಮೆರಿಕದ ಮೇರಿಲ್ಯಾಂಡ್ ಪ್ರಾಂತದ ಬೆಲ್ಟ್ಸ್‌ವಿಲ್ ಎಂಬಲ್ಲಿಯ ಸರಕಾರೀ ಕೃಷಿ ಸಂಶೋಧನಾಕ್ಷೇತ್ರದಲ್ಲಿದ್ದ ಪೀಟರ್ ವ್ಯಾನ್ ಸೂಸ್ಟ್ ಎಂಬ ವಿಜ್ಞಾನಿಯು ಪ್ರಶ್ನೆಯನ್ನೇ ಬದಲಾಯಿಸಿದನು. ಮೇವನ್ನು ಆಮ್ಲ ಕ್ಷಾರಗಳಿಂದ ಪೀಡಿಸಿ ಏನುಳಿಯುವುದೆಂದು ನೋಡುವುದರ ಬದಲು, ಸಸ್ಯಕೋಶದ ಒಳಗಿರುವುದನ್ನು ತೊಳೆದು ತೆಗೆದು ಅದರ ಗೋಡೆಯನ್ನು ಮಾತ್ರ ಉಳಿಸಿಕೊಳ್ಳುವುದು ಹೇಗೆ ಎಂಬುದು ಅವನ ಪ್ರಶ್ನೆಯಾಯಿತು. ಕೋಶದ ಒಳಗಿನ ಸಕ್ಕರೆ, ಪಿಷ್ಟ, ಪ್ರೋಟೀನುಗಳು ಹಸುವಿಗೆ ಬಹುಮಟ್ಟಿಗೆ ಪೂರ್ತಿಯಾಗಿ ದಕ್ಕುವಂಥವು. ಗೋಡೆಯಾದರೋ ಸೂಕ್ಷ್ಮಜೀವಿಗಳು ಒಡೆದುಕೊಟ್ಟಷ್ಟು ಮಾತ್ರ ದಕ್ಕುವಂಥದು. ಪಶುವಿಗೆ ನಿಜವಾದ ಭೇದವು ಇದೇ.

ಬಟ್ಟೆ ಒಗೆಯುವಲ್ಲಿ ಬಳಸುವಂತಹ ಮಾರ್ಜಕದ್ರವ್ಯಗಳೇ ಇದಕ್ಕೆ ಸಾಧನವಾದುವು. ೧೯೬೩ರಲ್ಲಿ ‘ಆಮ್ಲಮಾರ್ಜಕ ನಾರು’, ೧೯೬೭ರಲ್ಲಿ ‘ತಟಸ್ಥಮಾರ್ಜಕ ನಾರು’ ಎಂಬೆರಡು ಪರೀಕ್ಷೆಗಳು ಪ್ರಕಟವಾದುವು. ಆಮ್ಲವೂ ಕ್ಷಾರವೂ ಅಲ್ಲದ ಮಾರ್ಜಕದಲ್ಲಿ ಮೇವನ್ನು ಒಂದು ಗಂಟೆ ಕುದಿಸಿದರೆ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್ ಈ ಮೂರೂ ಉಳಿಯುತ್ತವೆ. ಇದು ತಟಸ್ಥಮಾರ್ಜಕ ನಾರು. ಆಮ್ಲ ಸೇರಿಸಿದ ಮಾರ್ಜಕದಲ್ಲಿ ಕುದಿಸಿದರೆ ಹೆಮಿಸೆಲ್ಯುಲೋಸು ಕರಗಿ ಮಿಕ್ಕೆರಡು ಉಳಿಯುತ್ತವೆ. ಇದು ಆಮ್ಲಮಾರ್ಜಕ ನಾರು. ಶೇಕಡ ೭೨ ಬಲದ ಗಂಧಕಾಮ್ಲದಿಂದ ಸೆಲ್ಯುಲೋಸನ್ನೂ ಕರಗಿಸಿದರೆ ಕೊನೆಗೆ ಲಿಗ್ನಿನೂ ಬೂದಿಯೂ ನಿಲ್ಲುತ್ತವೆ. ಪಿಷ್ಟವು ಹೆಚ್ಚಾಗಿರುವ ಧಾನ್ಯಗಳಲ್ಲಿ ಅದು ಗಂಜಿಯಾಗಿ ಸೋಸುವಿಕೆಯನ್ನು ಕೆಡಿಸುವುದರಿಂದ, ಕಾವನ್ನು ತಡೆಯುವ ಅಮೈಲೇಸ್ ಎಂಬ ಕಿಣ್ವವನ್ನು ಸೇರಿಸುವ ಪದ್ಧತಿಯು ಮುಂದೆ ಬಂದಿತು.

ಈ ಬದಲಾವಣೆಯಿಂದ ಆದ ಪ್ರಯೋಜನವನ್ನು ಒಂದು ಉದಾಹರಣೆಯಿಂದ ಕಾಣಬಹುದು. ಲೆಕ್ಕದ ಸೌಕರ್ಯಕ್ಕಾಗಿ ದುಂಡು ಸಂಖ್ಯೆಗಳನ್ನು ಹಿಡಿದಿದೆ. ಎಲ್ಲವೂ ನೀರನ್ನು ಬಿಟ್ಟು ಒಣತೂಕದ ನೂರು ಪಾಲಿಗೆ. ಭತ್ತದ ಹುಲ್ಲಿನಲ್ಲಿ ಪ್ರೋಟೀನು ೪, ಕೊಬ್ಬು ೨, ಬೂದಿ ೧೬, ಕಚ್ಚಾ ನಾರು ೩೪ ಎಂದಿಟ್ಟುಕೊಂಡರೆ, ಸಾರಜನಕರಹಿತ ಸಾರವು ೪೪. ಮುಸುಕಿನ ಜೋಳದಲ್ಲಿ ಪ್ರೋಟೀನು ೯, ಕೊಬ್ಬು ೪, ಬೂದಿ ೨, ಕಚ್ಚಾ ನಾರು ೨. ಸಾರಜನಕರಹಿತ ಸಾರವು ೮೩. ಈ ಪತ್ರವನ್ನು ನಂಬಿದರೆ ಹುಲ್ಲಿನಲ್ಲಿ ಜೋಳದ ಅರ್ಧಕ್ಕಿಂತ ಹೆಚ್ಚಾಗಿ ಸುಲಭದ ಶರ್ಕರಪಿಷ್ಟವಿದೆ. ಇನ್ನು ಕಚ್ಚಾ ನಾರಿನ ಬದಲು ತಟಸ್ಥಮಾರ್ಜಕ ನಾರನ್ನು, ಅದರ ಬೂದಿಯನ್ನು ತೆಗೆದು, ಲೆಕ್ಕಕ್ಕೆ ಹಿಡಿಯಬೇಕು. ಹುಲ್ಲಿನಲ್ಲಿ ಅದು ೬೬, ಜೋಳದಲ್ಲಿ ೧೦. ಆಗ ಶೇಷವು ಹುಲ್ಲಿನಲ್ಲಿ ೧೨, ಜೋಳದಲ್ಲಿ ೭೫. ಹುಲ್ಲಿನ ೪೪ರಲ್ಲಿ ೩೨ ಪಾಲು ಕೋಶಭಿತ್ತಿಯ ದ್ರವ್ಯವೇ ಆಗಿತ್ತು. ಹಳೆಯ ಪತ್ರದಲ್ಲಿ ಒಂದಕ್ಕೆ ಎರಡರಂತೆ ಇದ್ದ ಅಂತರವು ಹೊಸ ಪತ್ರದಲ್ಲಿ ಒಂದಕ್ಕೆ ಆರಾಯಿತು. ಹುಲ್ಲು ಮತ್ತು ಕಾಳುಗಳ ಭೇದವನ್ನು ಕೊಟ್ಟಿಗೆಯಲ್ಲಿ ದಿನವೂ ಕಾಣುವ ರೈತನಿಗೆ ಈ ಎರಡನೆಯ ಲೆಕ್ಕವೇ ನಂಬಲರ್ಹವಾಗಿ ತೋರುವುದು.

೫. ಶೇಷವು ಮತ್ತೆ ಉಳಿಯಿತು

ಪ್ರೋಟೀನು, ಕೊಬ್ಬು, ಬೂದಿ, ತಟಸ್ಥಮಾರ್ಜಕ ನಾರು ಇವನ್ನು ನೂರರಿಂದ ಕಳೆದು ಬರುವುದಕ್ಕೆ ‘ನಾರಲ್ಲದ ಶರ್ಕರಪಿಷ್ಟ’ವೆಂದು ಹೆಸರಾಯಿತು. ಹೆಸರು ಹೊಸದು, ರೀತಿಯು ಹಳೆಯ ಪರಿಶೇಷವೇ. ಮೊದಲಿನದಕ್ಕಿಂತ ಇದು ಎಷ್ಟೋ ಮೇಲಾದರೂ, ಇದರ ದೋಷಗಳನ್ನೂ ಎಣಿಸಬೇಕು.

ಮೊದಲನೆಯದು ಬೂದಿಯ ದೋಷ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಎಂಬ ಮರಳಿನ ಅಂಶವು ಹೇರಳವಾಗಿದೆ. ಮೇಲಿನ ಉದಾಹರಣೆಯಲ್ಲಿ ನಾರಿನೊಡನೆ ೬ ಪಾಲು ಬೂದಿಯು ಸೇರಿ ೭೨ ಎಂದು ತೂಗಿತೆನ್ನೋಣ. ಬೂದಿಯ ಸಾಲಿನಲ್ಲಿ ಈ ೬ ಒಮ್ಮೆ ಕಳೆದಿದೆ. ನಾರಿನ ಸಾಲಿನಲ್ಲಿ ಮತ್ತೊಮ್ಮೆ ಕಳೆಯುತ್ತದೆ. ಶೇಷವು ೧೨ರ ಬದಲು ೬ ಆಗಿ, ಅರ್ಧವೇ ಮಾಯವಾಗುತ್ತದೆ. ಆದುದರಿಂದಲೇ ನಾರನ್ನು ಬೂದಿರಹಿತವಾಗಿ ಹೇಳಬೇಕೆಂಬ ನಿಯಮವು ಬಲಗೊಂಡಿತು. ಗೋಡೆಗೆ ಅಂಟಿಕೊಂಡ ಪ್ರೋಟೀನಿನ ವಿಷಯದಲ್ಲಿಯೂ ಹೀಗೆಯೇ ಇಮ್ಮಡಿ ವ್ಯವಕಲನವಾಗುವುದುಂಟು.

ಎರಡನೆಯದು ಸಾರಜನಕದ ದೋಷ. ಮೇವಿಗೆ ಯೂರಿಯಾ ಬೆರೆಸುವುದುಂಟು. ಯೂರಿಯಾದಲ್ಲಿ ನೂರಕ್ಕೆ ೪೬ ಪಾಲು ಸಾರಜನಕವಿದೆ, ೬.೨೫ರಿಂದ ಗುಣಿಸಿದರೆ ನೂರು ಪಾಲು ಯೂರಿಯಾದಲ್ಲಿ ೨೮೭.೫ ಪಾಲು ‘ಪ್ರೋಟೀನು’ ಇದ್ದಂತಾಗುತ್ತದೆ. ನೂರರಿಂದ ಇದನ್ನು ಕಳೆದರೆ ಶರ್ಕರಪಿಷ್ಟವು ಸೊನ್ನೆಗಿಂತ ೧೮೭.೫ ಕಡಮೆ! ಯೂರಿಯಾ ಸ್ವಲ್ಪವೇ ಇರುವ ಮಿಶ್ರಣದಲ್ಲಿ ಇಂತಹ ಅಸಂಭಾವ್ಯ ಸಂಖ್ಯೆಯು ಎದ್ದು ಕಾಣುವುದಿಲ್ಲ. ಆದರೆ ಅದೇ ಪ್ರಮಾಣದಲ್ಲಿ ಶೇಷವನ್ನು ಒಳಗೊಳಗೇ ತಿನ್ನುತ್ತದೆ.

ಮೂರನೆಯದು ಶೇಷದೊಳಗಿನ ಮಿಶ್ರತ್ವ. ಕೋಶಭಿತ್ತಿಯಲ್ಲಿರುವ ಪೆಕ್ಟಿನು ತಟಸ್ಥಮಾರ್ಜಕದಲ್ಲಿ ಕರಗಿ ಶೇಷಕ್ಕೆ ಸೇರುತ್ತದೆ. ಬೀಟ್‌ಗೆಡ್ಡೆಯ ಚರಟ, ಕಿತ್ತಳೆ ಜಾತಿಯ ಹಣ್ಣುಗಳ ಚರಟ ಇವುಗಳಲ್ಲಿ ಪೆಕ್ಟಿನು ಬಹಳವಾಗಿದ್ದು ಪಿಷ್ಟವು ಅತ್ಯಲ್ಪ. ಶೀತದೇಶಗಳ ಹುಲ್ಲುಗಳಲ್ಲಿ ಫ್ರಕ್ಟಾನ್ ಎಂಬ ಬೇರೊಂದು ಜಾತಿಯ ಶರ್ಕರಪಿಷ್ಟವಿದೆ. ಗುಂಡಿಯಲ್ಲಿ ಹುದುಗಿಸಿಟ್ಟ ರಸಮೇವಿನಲ್ಲಿ ಸಕ್ಕರೆಯು ಆಗಲೇ ಲ್ಯಾಕ್ಟಿಕ್, ಅಸಿಟಿಕ್ ಆಮ್ಲಗಳಾಗಿ ಮಾರ್ಪಟ್ಟಿರುತ್ತದೆ. ಅವು ಶರ್ಕರಪಿಷ್ಟಗಳೇ ಅಲ್ಲ, ಆದರೂ ಶೇಷದಲ್ಲಿ ಶರ್ಕರಪಿಷ್ಟದ ಹೆಸರಿನಿಂದಲೇ ಎಣಿಕೆಯಾಗುತ್ತವೆ. ರೂಮೆನಿನಲ್ಲಿ ಇವುಗಳ ನಡೆ ಒಂದೇ ಬಗೆಯದಲ್ಲ. ಪಿಷ್ಟವೂ ಸಕ್ಕರೆಯೂ ಲ್ಯಾಕ್ಟಿಕ್ ಆಮ್ಲವನ್ನು ಹುಟ್ಟಿಸಬಲ್ಲುವು. ಪೆಕ್ಟಿನು ಬೇಗ ಹುದುಗಿದರೂ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ.

೬. ನೇರಾದ ಅಳತೆ

ಇವೆಲ್ಲಕ್ಕೂ ಪರಿಹಾರವು ಒಂದೇ: ಶೇಷವನ್ನು ಅವಲಂಬಿಸದೆ ಪಿಷ್ಟವನ್ನು ಪಿಷ್ಟವಾಗಿಯೂ ಸಕ್ಕರೆಯನ್ನು ಸಕ್ಕರೆಯಾಗಿಯೂ ಅಳೆಯುವುದು. ಪಿಷ್ಟಕ್ಕೆ ಕಿಣ್ವವಿಧಾನವು ಶ್ರೇಷ್ಠವೆನಿಸಿದೆ. ಅಮೈಲೇಸು ಪಿಷ್ಟವನ್ನು ತುಂಡರಿಸುತ್ತದೆ. ಅಮೈಲೋಗ್ಲೂಕೋಸಿಡೇಸ್ ಎಂಬ ಇನ್ನೊಂದು ಕಿಣ್ವವು ತುಂಡುಗಳನ್ನು ಗ್ಲೂಕೋಸಾಗಿ ಬಿಡಿಸುತ್ತದೆ. ಆ ಗ್ಲೂಕೋಸನ್ನು ಅಳೆಯುತ್ತಾರೆ. ಕಿಣ್ವಗಳು ಬೀಟಾ ಬಂಧವನ್ನು ಮುಟ್ಟದಿರುವುದರಿಂದ ಸೆಲ್ಯುಲೋಸು ಇಲ್ಲಿ ನುಸುಳಲಾರದು. ಅಮೆರಿಕದ ಮೇರಿ ಬೆತ್ ಹಾಲ್ ಎಂಬ ವಿದುಷಿಯು ರೂಪಿಸಿದ ಇಂತಹ ಒಂದು ವಿಧಾನವನ್ನು ಅಧಿಕೃತ ವಿಶ್ಲೇಷಕರ ಅಂತರರಾಷ್ಟ್ರೀಯ ಸಂಘವು ೨೦೧೪.೧೦ ಎಂಬ ಸಂಖ್ಯೆಯಿಂದ ಅಂಗೀಕರಿಸಿದೆ. ಯೂರೋಪಿನಲ್ಲಿ ಬಳಕೆಯಲ್ಲಿರುವ ಎವರ್ಸನ ಧ್ರುವಣಮಾಪನವು ಪಿಷ್ಟವನ್ನು ಆಮ್ಲದಲ್ಲಿ ಕರಗಿಸಿ ಅದು ಬೆಳಕನ್ನು ತಿರುಗಿಸುವ ಪರಿಮಾಣವನ್ನು ನೋಡುತ್ತದೆ. ಬೀಟ್‌ಗೆಡ್ಡೆಯ ಚರಟದಂತಹ ವಸ್ತುಗಳಿಗೆ ಅದು ಸಲ್ಲದೆಂದು ಅಲ್ಲಿಯ ನಿಯಮಗಳೇ ಹೇಳುತ್ತವೆ.

ಇಲ್ಲಿ ಲೆಕ್ಕದ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪಿಷ್ಟದ ಒಂದು ಕೊಂಡಿಯ ಅಣುತೂಕವು ೧೬೨. ಅದು ಬಿಡುಗಡೆಯಾಗುವಾಗ ನೀರಿನ ಒಂದು ಅಣುವನ್ನು ಸೇರಿಸಿಕೊಂಡು ೧೮೦ ತೂಕದ ಗ್ಲೂಕೋಸಾಗುತ್ತದೆ. ಆದುದರಿಂದ ಅಳೆದ ಗ್ಲೂಕೋಸನ್ನು ೦.೯ರಿಂದ ಗುಣಿಸಿದರೆ ಮಾತ್ರ ಪಿಷ್ಟವು ಬರುವುದು. ಹೀಗೆ ಗುಣಿಸದೆ ಬರೆದರೆ ೭೦ ಪಾಲು ಪಿಷ್ಟವು ಸುಮಾರು ೭೮ ಎಂದು ಕಾಣುತ್ತದೆ. ಕಬ್ಬಿನ ಸಕ್ಕರೆಯು ಒಡೆದಾಗಲೂ ೩೪೨ ತೂಕವು ೩೬೦ ಆಗುತ್ತದೆ. ಅಲ್ಲಿಯ ಗುಣಕವು ೦.೯೫. ಸಕ್ಕರೆಗಳ ವಿಷಯದಲ್ಲಿ ಕರಗಿಸುವ ದ್ರವವೂ ಮುಖ್ಯ. ನೀರಿನಲ್ಲಿ ಕರಗಿಸಿದರೆ ಫ್ರಕ್ಟಾನುಗಳೂ ಸೇರಿಬರುತ್ತವೆ. ಶೇಕಡ ೮೦ರ ಮದ್ಯಸಾರದಲ್ಲಿ ಅವುಗಳ ಬಹುಭಾಗವು ಹಿಂದೆ ಉಳಿಯುತ್ತದೆ. ಎರಡಕ್ಕೂ ‘ಸಕ್ಕರೆ’ ಎಂದೇ ಬರೆದರೆ ಓದುವವನಿಗೆ ಯಾವುದೆಂದು ತಿಳಿಯದು.

ಅಮೆರಿಕದ ರಾಷ್ಟ್ರೀಯ ವಿದ್ವತ್ಪರಿಷತ್ತುಗಳು ೨೦೨೧ರಲ್ಲಿ ಹೊರತಂದ ಹಾಲಿನ ಹಸುಗಳ ಪೋಷಣಗ್ರಂಥದ ಎಂಟನೆಯ ಆವೃತ್ತಿಯಲ್ಲಿ ಪಿಷ್ಟಕ್ಕೆ ಪ್ರತ್ಯೇಕ ಸ್ಥಾನವು ದೊರೆತಿದೆ. ಎಲ್ಲವನ್ನೂ ಅಳೆದ ಮೇಲೆ ಉಳಿಯುವುದಕ್ಕೆ ಅಲ್ಲಿ ‘ಶೇಷ ಸಾವಯವ ದ್ರವ್ಯ’ವೆಂದೇ ಹೆಸರು. ಶೇಷವನ್ನು ಶೇಷವೆಂದೇ ಕರೆಯುವ ಈ ಪ್ರಾಮಾಣ್ಯವು ವೇಂಡೆಯ ಕಾಲದಿಂದ ಬಂದ ಮಾರ್ಗದಲ್ಲಿ ಒಂದು ಮುಖ್ಯವಾದ ಹೆಜ್ಜೆ.

೭. ಫಲಿತಾಂಶವನ್ನು ಬರೆಯುವ ಬಗೆ

ಅಳತೆಯು ಎಷ್ಟೇ ಸರಿಯಾಗಿದ್ದರೂ, ಬರೆಯುವ ರೀತಿಯು ಅಸ್ಪಷ್ಟವಾದರೆ ಶ್ರಮವು ವ್ಯರ್ಥ. ಮೊದಲನೆಯದಾಗಿ, ಸಂಖ್ಯೆಯು ಹಸಿತೂಕದ ಮೇಲೋ ಒಣತೂಕದ ಮೇಲೋ ಎಂಬುದನ್ನು ಹೇಳಬೇಕು. ನೂರಕ್ಕೆ ೮೦ ಪಾಲು ನೀರಿರುವ ಹಸಿಮೇವಿನಲ್ಲಿ ನಾರು ಹಸಿತೂಕದ ಮೇಲೆ ೧೩ ಎಂದಿದ್ದರೆ, ಒಣತೂಕದ ಮೇಲೆ ಅದು ೬೫. ಇದನ್ನು ತಿಳಿಯದವನು ೧೩ನ್ನು ಒಣಹುಲ್ಲಿನ ೭೨ರೊಡನೆ ಹೋಲಿಸಿ, ಹಸಿಮೇವಿನಲ್ಲಿ ನಾರೇ ಇಲ್ಲವೆಂದು ತಪ್ಪು ತಿಳಿಯುವನು. ಎರಡನೆಯದಾಗಿ, ಅಳೆದುದಾವುದು, ಕಳೆದು ಪಡೆದುದಾವುದು ಎಂಬುದನ್ನು ಬೇರ್ಪಡಿಸಿ ತೋರಿಸಬೇಕು. ಮೂರನೆಯದಾಗಿ, ವಿಧಾನದ ಹೆಸರನ್ನು, ಅಮೈಲೇಸ್ ಬಳಸಿತೋ ಇಲ್ಲವೋ, ನಾರು ಬೂದಿಸಹಿತವೋ ರಹಿತವೋ ಎಂಬ ವಿವರಗಳೊಡನೆ ಬರೆಯಬೇಕು. ನಾಲ್ಕನೆಯದಾಗಿ, ಗ್ಲೂಕೋಸಿನ ಲೆಕ್ಕವೋ ಪಿಷ್ಟದ ಲೆಕ್ಕವೋ ಎಂಬುದನ್ನು ಹೇಳಬೇಕು. ಕೊನೆಯದಾಗಿ, ಎಲ್ಲ ಸಾಲುಗಳನ್ನೂ ನಿಜವಾಗಿ ಅಳೆದಿರುವಲ್ಲಿ ಮೊತ್ತವು ನೂರಕ್ಕೆ ಸರಿಯಾಗಿ ಬಾರದಿದ್ದರೆ ಅದನ್ನು ಹಾಗೆಯೇ ಬಿಡುವುದು ಮೇಲು. ೯೭ ಎಂದೋ ೧೦೨ ಎಂದೋ ಬರುವ ಮೊತ್ತ ಪರೀಕ್ಷೆಯ ದೋಷವನ್ನು ಬಯಲುಮಾಡುತ್ತದೆ. ಬಲವಂತವಾಗಿ ನೂರಾಗಿಸಿದ ಮೊತ್ತ ಅದನ್ನು ಮುಚ್ಚುತ್ತದೆ.

ಇದು ಕೇವಲ ಪ್ರಯೋಗಶಾಲೆಯ ಶಿಷ್ಟಾಚಾರವಲ್ಲ. ಮದುವೆ, ಹಬ್ಬಗಳ ಮಾರನೆಯ ದಿನ ಮಿಕ್ಕ ಅನ್ನವನ್ನೂ ಪಾಯಸವನ್ನೂ ಹೊಟ್ಟೆತುಂಬ ತಿಂದ ಹಸುವು ಹೊಟ್ಟೆಯುಬ್ಬರಿಸಿ, ಮೆಲುಕು ನಿಲ್ಲಿಸಿ, ಮಲಗಿದಲ್ಲಿಂದ ಏಳದೆ ಸಾಯುವುದು ಹಳ್ಳಿಗಳಲ್ಲಿ ಕಂಡು ಕೇಳಿದ ಸಂಗತಿ. ಅಳತೆಮೀರಿದ ಪಿಷ್ಟವು ರೂಮೆನಿನಲ್ಲಿ ಒಮ್ಮೆಲೇ ಹುದುಗಿ ಲ್ಯಾಕ್ಟಿಕ್ ಆಮ್ಲವು ತುಂಬುವುದೇ ಇದಕ್ಕೆ ಕಾರಣ. ಇಷ್ಟು ತೀವ್ರವಲ್ಲದ ರೂಪದಲ್ಲಿ ಇದೇ ಬೇನೆಯು, ಹೆಚ್ಚು ಹಾಲಿಗಾಗಿ ಕಾಳಿನ ಮಿಶ್ರಣವನ್ನು ವಿಪರೀತವಾಗಿ ತಿನ್ನಿಸುವ ಕೊಟ್ಟಿಗೆಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಇನ್ನೊಂದು ಕಡೆ, ಬರಗಾಲದಲ್ಲಿ ಬರಿಯ ಹುಲ್ಲನ್ನು ತಿಂದ ರಾಸು ಹೊಟ್ಟೆ ತುಂಬಿದ್ದರೂ ಸೊರಗುತ್ತದೆ. ಒಂದಕ್ಕೆ ಪಿಷ್ಟವು ಅತಿಯಾಯಿತು, ಇನ್ನೊಂದಕ್ಕೆ ಇಲ್ಲವಾಯಿತು. ‘ಶರ್ಕರಪಿಷ್ಟ ಇಷ್ಟು’ ಎಂಬ ಒಂದೇ ಸಂಖ್ಯೆಯು ಈ ಎರಡರಲ್ಲಿ ಯಾವುದನ್ನೂ ಮುಂದಾಗಿ ತಿಳಿಸಲಾರದು. ಪೇಟೆಯಲ್ಲಿ ಮಾರುವ ಪಶು ಆಹಾರದ ಚೀಲದ ಮೇಲೆ ಸಾಮಾನ್ಯವಾಗಿ ಪ್ರೋಟೀನು, ಕೊಬ್ಬು, ಕಚ್ಚಾ ನಾರು, ತೇವ, ಆಮ್ಲದಲ್ಲಿ ಕರಗದ ಬೂದಿ ಇಷ್ಟನ್ನೇ ಮುದ್ರಿಸುತ್ತಾರೆ. ಒಟ್ಟು ಬೂದಿಯನ್ನು ಕೊಡದಿರುವಲ್ಲಿ ಕೊಳ್ಳುವವನಿಗೆ ಕಳೆಯುವ ಲೆಕ್ಕವನ್ನು ಮಾಡಿಕೊಳ್ಳುವುದಕ್ಕೂ ಅವಕಾಶವಿಲ್ಲ. ಅವನು ಹಣ ಕೊಟ್ಟು ತರುವ ವಸ್ತುವಿನ ಅರ್ಧಕ್ಕಿಂತ ಹೆಚ್ಚಾದ ಭಾಗವು ಹೆಸರಿಲ್ಲದೆಯೇ ಉಳಿಯುತ್ತದೆ.

೮. ಪರಿಭಾಷೆಯ ವಿಷಯ

ಕನ್ನಡದಲ್ಲಿ ಈ ಶಾಸ್ತ್ರದ ಪರಿಭಾಷೆಯನ್ನು ಕಟ್ಟುವವರು ಗಮನಿಸಬೇಕಾದ ಸಂಗತಿಯೊಂದು ಮೇಲಿನ ವಿಚಾರದಿಂದ ಹೊರಡುತ್ತದೆ. ‘ಪಿಷ್ಟ’, ‘ಸೆಲ್ಯುಲೋಸು’ ಎಂಬುವು ವಸ್ತುವಿನ ಹೆಸರುಗಳು. ಯಾವ ವಿಧಾನದಿಂದ ಅಳೆದರೂ ವಸ್ತುವು ಅದೇ. ‘ಕಚ್ಚಾ ನಾರು’, ‘ತಟಸ್ಥಮಾರ್ಜಕ ನಾರು’ ಎಂಬುವು ಕ್ರಿಯೆಯ ಹೆಸರುಗಳು. ಇಂತಹ ದ್ರವದಲ್ಲಿ ಇಷ್ಟು ಹೊತ್ತು ಕುದಿಸಿದಾಗ ಉಳಿದುದು ಎಂಬುದೇ ಅವುಗಳ ಪೂರ್ಣ ಅರ್ಥ. ವಿಧಾನವನ್ನು ಬಿಟ್ಟರೆ ಅವುಗಳಿಗೆ ಅರ್ಥವೇ ಇಲ್ಲ. ‘ಸಾರಜನಕರಹಿತ ಸಾರ’ವಾದರೋ ಈ ಎರಡೂ ಅಲ್ಲದ ಅಭಾವದ ಹೆಸರು. ಅದಕ್ಕೆ ಒಂದು ವಸ್ತುವಿನ ಗೌರವವನ್ನು ಕೊಟ್ಟುದರಿಂದಲೇ ಒಂದು ಶತಮಾನದ ಕಾಲ ಲಿಗ್ನಿನು ಪಿಷ್ಟದ ಜೊತೆಯಲ್ಲಿ ಕುಳಿತಿತು.

‘ಕಚ್ಚಾ’, ‘ಮಾರ್ಜಕ’, ‘ಶೇಷ’ ಮುಂತಾದ ವಿಶೇಷಣಗಳು ಕಿವಿಗೆ ಒರಟಾಗಿ ಕೇಳುವುವೆಂದು ಭಾಷಾಂತರಕಾರರು ಅವನ್ನು ಕೈಬಿಡುವುದುಂಟು. ಕೃಷಿಯ ಕೈಪಿಡಿಗಳಲ್ಲಿ ‘ನಾರು’, ‘ಪ್ರೋಟೀನು’, ‘ಶರ್ಕರಪಿಷ್ಟ’ ಎಂದಿಷ್ಟೇ ಬರೆದರೆ ವಾಕ್ಯವು ನಯವಾಗುವುದೇನೋ ನಿಜ. ಆದರೆ ಸಂಖ್ಯೆಯು ಎಲ್ಲಿಂದ ಬಂದಿತೆಂಬ ಗುರುತು ಅಳಿಸಿಹೋಗುತ್ತದೆ. ಪಾಠಪುಸ್ತಕಗಳನ್ನೂ ನಿಘಂಟುಗಳನ್ನೂ ಸಿದ್ಧಪಡಿಸುವವರು ಈ ವಿಶೇಷಣಗಳನ್ನು ಉಳಿಸಿಕೊಂಡು, ಕಳೆದು ಪಡೆದ ಸಂಖ್ಯೆಗೆ ‘ಶೇಷ’ವೆಂಬ ಮಾತನ್ನು ತಪ್ಪದೆ ಸೇರಿಸಿದರೆ, ಪರೀಕ್ಷಾಪತ್ರವನ್ನು ಓದುವ ರೈತನಿಗೂ ಪಶುವೈದ್ಯನಿಗೂ ಅದರಿಂದ ಪ್ರಯೋಜನವಾಗುವುದು.